ಕನ್ನೊಳ್ಳಿ ಬಾವಿಯ ಕನ್ಯೆ

ವ್ಯಾಕರಣ ಶುದ್ಧವಾಗಿ ಬರೆಯುವವನ ಸಂಸಾರವೂ ಶುದ್ಧವಾಗಿ ನಡೆಯುತ್ತದೆ ಎಂದು ಯಾರೂ ಭ್ರಮೆ ಪಡಬಾರದು. ನನ್ನ ಸಂಸಾರ ಮುರಿಯುವ ಹಂತಕ್ಕೆ ಬಂದದ್ದೇ ಒಂದು ಸ್ತ್ರೀಲಿಂಗದಿಂದ.

ಎಪ್ಪತ್ತರ ದಶಕದಲ್ಲಿ ನಾನು ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಮಕ್ಕಳು ಬಾಲಕ್ಕೆ ದಾರ ಕಟ್ಟಿ ಹಾರಿಸುವ ವಿಮಾನದ ಹುಳ ನಿಮಗೆ ಗೊತ್ತು. ಅದರ ಬಳಗದಲ್ಲೇ ಇನ್ನೊಂದು ತೆಳ್ಳನೆಯ ಹುಳವಿದೆ. ದೊಡ್ಡದು ಕೂತಾಗಲೂ ರೆಕ್ಕೆ ಚಾಚಿಕೊಂಡಿರುತ್ತದೆ, ಇದು ಮರ್ಯಾದೆಯಿಂದ ಬೆನ್ನ ಮೇಲೆ ಮಡಚಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಡ್ಯಾಮ್ಸೆಲ್ ಫ್ಲೈ. ಕನ್ನಡದ ಹೆಸರು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಸುಮ್ಮನಿರುವುದು ಮಾಸ್ತರರ ಜಾಯಮಾನವಲ್ಲ. ನಿಘಂಟು ತೆಗೆದು 'ಕನ್ಯೆ' ಎಂದು ನಾಮಕರಣ ಮಾಡಿದೆ. ಕನ್ಯೆ ಎಂದ ಮೇಲೆ 'ಸಿಗುತ್ತದೆ' ಎಂದು ಬರೆಯಲಾಗುತ್ತದೆಯೇ? ಹುಳಗಳ ವಿವರ ಬರೆದಿಡುವ ನೋಟುಬುಕ್ಕಿನಲ್ಲಿ 'ಸಿಗುತ್ತಾಳೆ' ಎಂದೇ ಬರೆದೆ.

ನಮ್ಮ ಕಡೆ ಕನ್ಯಾ ನೋಡುವುದೆಂದರೆ ಮದುವೆಗೆ ಹೆಣ್ಣು ನೋಡುವುದು, ಅದಕ್ಕೆ ಎರಡನೆಯ ಅರ್ಥವೇ ಇಲ್ಲ. ನೋಟುಬುಕ್ಕು ಹೆಂಡತಿ ಶಾಂತವ್ವನ ಕೈಗೆ ಸಿಕ್ಕಿತು. ವರ್ಷದ ಮಗಳನ್ನು ಸೊಂಟದ ಮೇಲೆ ಕೂಡಿಸಿಕೊಂಡು ಗಟ್ಟಿಯಾಗಿ ಓದಿದಳು: "ಐತವಾರ ಕನ್ನೊಳ್ಳಿಗೆ ಹೋಗಿ ಕನ್ಯೆ ನೋಡುವುದು. ಮೈ ಸಪೂರ, ಕಣ್ಣು ಹಸಿರು. ಬಿಸಿಲೇರಿದ ಮೇಲೆ ಬಾವಿಯ ಹತ್ತಿರ ಸಿಗುತ್ತಾಳೆ. ಬಾಲ್ಯವೆಲ್ಲ ನೀರಿನಲ್ಲಿ. ವಯಸ್ಸಿಗೆ ಬಂದ ಕೂಡಲೇ ಮೇಲೆ ಹತ್ತಿ ಎಲ್ಲ ಕಳಚಿ ಹಾಕುತ್ತಾಳೆ." ಪೊರೆ ಎಂಬ ಒಂದೇ ಪದ ಸೇರಿಸಿದ್ದರೆ ಬಚಾವಾಗುತ್ತಿದ್ದೆ.

"ಅದು ಹುಳಾನ ಶಾಂತಾ," ಎಂದೆ.

"ಹುಳಾ ನಿಮ್ಮ ತಲ್ಯಾಗ ಹೊಕ್ಕೈತ್ರಿ. ನಾ ಐತವಾರ ಮುದ್ದೇಬಿಹಾಳಕ್ಕ ಹೊಂಟೇನಿ. ನೀವು ಬಾವಿ ದಂಡಿಗೆ ಕುಂದರ್ರಿ."

ಮಂಚದ ಕೆಳಗಿನ ಟ್ರಂಕು ಹೊರಬಂತು. ಮಗಳ ತಲೆಯ ಕುಂಚಿಗೆಯೂ ಅದರೊಳಗೆ ಹೋದದ್ದನ್ನು ಕಂಡಾಗ ನನಗೆ ನಿಜವಾಗಿಯೂ ಭಯವಾಯಿತು. ತವರಿಗೆ ಹೋದರೆ ಬೇಗ ಮರಳುವ ಪೈಕಿ ಅಲ್ಲ ಅವಳು. ಬಸ್ಸಿಗೆ ಮೊದಲು ಒಮ್ಮೆ ಆ ಕನ್ಯೆಯ ಮುಖ ನೋಡು ಎಂದು ಕೈಮುಗಿದು ಕನ್ನೊಳ್ಳಿಗೆ ಕರೆದುಕೊಂಡು ಹೋದೆ.

ಬಾವಿಯ ಜೊಂಡಿನ ಮೇಲೆ ಹೆಣ್ಣೊಂದು ಬಾಲ ಬಗ್ಗಿಸಿ ಕೂತಿತ್ತು. ಅದರ ಕುತ್ತಿಗೆಯನ್ನು ಬಾಲದ ತುದಿಯಿಂದ ಹಿಡಿದುಕೊಂಡು ಹಳದಿ ಗಂಡೊಂದು ಕಡ್ಡಿಯ ಹಾಗೆ ನೆಟ್ಟಗೆ ನಿಂತಿತ್ತು. ನಾನು ಪಾಠ ಶುರು ಮಾಡಿದೆ. ಮರಿಗೆ ಬಾಲದಲ್ಲಿ ಎಲೆಯಂಥ ಮೂರು ಕಿವಿರು, ಅದು ಸೊಳ್ಳೆಯ ಮರಿ ತಿಂದು ಬೆಳೆಯುತ್ತದೆ ಎಂದೆಲ್ಲ ಹೇಳಿದೆ. ಶಾಂತವ್ವ ಆ ಹಳದಿ ಗಂಡನ್ನೇ ನೋಡುತ್ತಿದ್ದಳು.

"ಇಂವ ಯಾಕ ನಿಂತಾನ?"

"ಆಕಿ ತತ್ತಿ ಇಡಾಕತ್ತಾಳ. ಮುಗಿಯೂ ತನಾ ಕಾಯ್ತಾನ."

"ಎಲ್ಲಿಗೂ ಹೋಗಂಗಿಲ್ಲ?"

"ಇಲ್ಲ."

ಶಾಂತವ್ವ ಮಗಳನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. "ಈಕಿ ಹುಟ್ಟಿದಾಗ ನೀವು ಎಲ್ಲಿದ್ರಿ?"

ಬಸವನ ಬಾಗೇವಾಡಿಯಲ್ಲಿದ್ದೆ. ಪರೀಕ್ಷೆಯ ಕೆಲಸವೆಂದು ಹೋದದ್ದು ಖರೆ. ಆದರೆ ಪರೀಕ್ಷೆ ಮುಗಿದು ಮೂರು ದಿನವಾಗಿತ್ತು, ಇಸ್ಪೀಟು ಮುಗಿದಿರಲಿಲ್ಲ. ನಾಚಿಕೆಯಾಯಿತು. ಅವಳು ಅಂದಿನ ಬಸ್ಸು ಹತ್ತಲಿಲ್ಲ. ಮನೆಗೆ ಬಂದು ಟ್ರಂಕನ್ನು ನಾನೇ ಮಂಚದ ಕೆಳಗೆ ತಳ್ಳಿದೆ.

ಎರಡನೆಯ ಹೆರಿಗೆಗೆ ಅವಳು ಮುದ್ದೇಬಿಹಾಳಕ್ಕೆ ಹೊರಟಾಗ, ಯಾರೂ ಕರೆಯದಿದ್ದರೂ ರಜೆ ಹಾಕಿ ನಾನೂ ಬಸ್ಸು ಹತ್ತಿದೆ. ಬಾಗಿಲಲ್ಲಿ ಅತ್ತೆ ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು ಮಗಳ ಕಿವಿಯಲ್ಲಿ ಕೇಳಿದರು: "ಹಡೆಯಾಕ ನೀ ಬಂದಿ, ಇವರ್ಯಾಕ ಬಂದಾರ?"

"ಕುತ್ತಿಗಿ ಹಿಡಕೊಂಡು ನಿಂದ್ರಾಕ ಬಂದಾರವ್ವ," ಎಂದಳು ಶಾಂತವ್ವ. "ಕಾಲಿಗೆ ನೀರು ಕೊಡು."