ಹೆಸರು ಬರೆಯದ ಚೀಟಿ

ನನಗೆ ಅಭಿಪ್ರಾಯ ಹೇಳಲು ಬರುವುದಿಲ್ಲ. ಇದನ್ನು ನಾನು ಇಷ್ಟು ವರ್ಷ ಯಾರ ಹತ್ತಿರವೂ ಒಪ್ಪಿಕೊಂಡಿರಲಿಲ್ಲ, ಯಾಕೆಂದರೆ ಅಭಿಪ್ರಾಯ ಹೇಳುವುದೇ ನನ್ನ ಕಸುಬು. ಕೆ.ಆರ್. ಪೇಟೆಯಲ್ಲಿ ನನ್ನದೊಂದು ಚಿನ್ನಬೆಳ್ಳಿ ಕೆಲಸದ ಅಂಗಡಿ. ಜನ ಒಡವೆ ತಂದು ಕೊಡುತ್ತಾರೆ, ನಾನು ಒರೆಗಲ್ಲಿಗೆ ಉಜ್ಜಿ ನೋಡಿ ಇದು ಇಂಥದ್ದು ಎನ್ನುತ್ತೇನೆ. ಚಿನ್ನದ ವಿಷಯದಲ್ಲಿ ನನ್ನ ಮಾತು ನಡೆಯುತ್ತದೆ. ತೊಂದರೆಯೆಂದರೆ, ಚಿನ್ನ ಬಲ್ಲವನು ಎಲ್ಲವನ್ನೂ ಬಲ್ಲ ಎಂದು ನಮ್ಮ ಕಡೆಯ ಜನ ತೀರ್ಮಾನ ಮಾಡಿಬಿಟ್ಟಿದ್ದಾರೆ. ಒಮ್ಮೆ ಶೀಳನೆರೆಯ ಗೌಡರೊಬ್ಬರು ಮಗಳಿಗೆ ಗೊತ್ತುಮಾಡಿದ ಗಂಡಿನ ಫೋಟೋವನ್ನು ನನ್ನ ಮುಂದಿಟ್ಟು, "ಒಸಿ ನೋಡಿ ಏಳಿ ಆಚಾರ್ರೇ" ಎಂದರು. ನಾನು ಅಭ್ಯಾಸಬಲದಿಂದ ಭೂತಗನ್ನಡಿ ಹಿಡಿದು ನೋಡಿ, ಮೀಸೆ ಎರಡೂ ಕಡೆ ಸಮವಾಗಿದೆ ಎಂದೆ. ಅಷ್ಟಕ್ಕೇ ಅವರು ಮದುವೆ ಮಾಡಿದರು. ಈಗ ಅಳಿಯ ಹೇಗಿದ್ದಾನೆಂದು ಕೇಳುವ ಧೈರ್ಯ ನನಗಿಲ್ಲ.

ನಮ್ಮ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿ ಇದೆ. ಒಡವೆಯ ಗುಣದೋಷವನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಪಕ್ಕದಲ್ಲೇ ಬೀಗರು ಕೂತಿರಬಹುದು, ಬೀಗರಿಗಿಂತ ಹೆಚ್ಚಾಗಿ ಅಕ್ಕಪಕ್ಕದ ಮನೆಯವರು ಕೂತಿರಬಹುದು. ಹಾಗಾಗಿ ಒಡವೆ ಸುತ್ತುವ ಗುಲಾಬಿ ಕಾಗದದ ಚೂರಿನಲ್ಲಿ ಬರೆದು, ಮಡಿಸಿ, ಒಡವೆಯ ಡಬ್ಬಿಯೊಳಗೇ ಇಟ್ಟು ಕೊಡಬೇಕು. ಆ ಚೀಟಿಯಲ್ಲಿ ವಸ್ತು ಯಾವುದು, ಯಾರದು ಎಂದು ಬರೆಯಕೂಡದು. ಚೀಟಿ ದಾರಿಯಲ್ಲಿ ಬಿದ್ದರೂ ಯಾರ ಮನೆಯ ಮರ್ಯಾದೆಯೂ ಅದರ ಜೊತೆ ಬೀಳಬಾರದು ಎಂಬುದು ಅಪ್ಪನ ವಾದ. ನಕಲಿ ಎಂಬ ಮಾತನ್ನಂತೂ ಅವರು ಜೀವಮಾನದಲ್ಲಿ ಬರೆಯಲಿಲ್ಲ. ವಸ್ತು ತೀರಾ ಕೆಟ್ಟದ್ದಾಗಿದ್ದರೆ ಕೊನೆಯ ಸಾಲಿನಲ್ಲಿ "ಮನೆಯಲ್ಲಿ ಇಟ್ಟುಕೊಳ್ಳುವುದು" ಎಂದು ಬರೆಯುತ್ತಿದ್ದರು. ಮಾರಲು ಹೋಗಬೇಡಿ, ನಾಲ್ಕು ಜನಕ್ಕೆ ತೋರಿಸಬೇಡಿ, ಹಾಗಂತ ಬಿಸಾಡಲೂ ಬೇಡಿ ಎಂದು ಅದರ ಅರ್ಥ. ನಾನೂ ಅದೇ ಪದ್ಧತಿಯನ್ನು ಇಟ್ಟುಕೊಂಡು ಬಂದಿದ್ದೇನೆ. ಅದರಿಂದ ಒಂದು ದಿನವೂ ತೊಂದರೆಯಾಗಿರಲಿಲ್ಲ, ಆ ಎರಡು ಕ್ಯಾಸೆಟ್ಟುಗಳು ಒಂದೇ ವಾರ ನಮ್ಮ ಮನೆಗೆ ಬರುವವರೆಗೆ.

ಮೊದಲನೆಯದನ್ನು ತಂದವನು ನನ್ನ ಹೆಂಡತಿ ಸರೋಜಳ ಒಬ್ಬನೇ ತಮ್ಮ ಮಂಜ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅವನ ಮನೆ. ನಮ್ಮ ಕುಲಕಸುಬು ಬೇಡವೆಂದು ಮದುವೆಗಳ ವಿಡಿಯೋ ತೆಗೆಯುವ ಕೆಲಸ ಹಿಡಿದಿದ್ದ. ಒಳ್ಳೆಯ ಹೆಸರು ಮಾಡಿದ್ದ. ಹಾಗಿದ್ದವನು ಅದೇ ಮದುವೆ ಕ್ಯಾಮೆರಾದಲ್ಲಿ ಇಪ್ಪತ್ತೆರಡು ನಿಮಿಷದ ಒಂದು ಕಿರುಚಿತ್ರ ತೆಗೆದುಬಿಟ್ಟಿದ್ದ. ಹೆಸರು 'ಒದ್ದೆ ಪಂಚೆ'. ಕ್ಯಾಸೆಟ್ಟು ಹಾಕುವ ಪೆಟ್ಟಿಗೆಯನ್ನೂ ಹೊತ್ತು ತಂದು ನಮ್ಮ ಟೀವಿಗೆ ಜೋಡಿಸಿದ. "ಭಾವ, ಮೈಸೂರಲ್ಲಿ ಕಿರುಚಿತ್ರದ ಸ್ಪರ್ಧೆ ಮಡಗವ್ರೆ. ಅದೇ ದಿನ ನಾಗಮಂಗಲದಲ್ಲಿ ಗೌಡ್ರ ಮನೆ ಮದುವೆ ಐತೆ. ನೀವು ಚೆನ್ನಾಗೈತೆ ಅಂದ್ಬುಟ್ರೆ ಮದುವೆ ಬುಟ್ಬುಡ್ತೀನಿ. ಅದೊಂದಲ್ಲ, ಮದುವೆ ತೆಗೆಯೋ ಕೆಲಸಾನೇ ಬುಟ್ಬುಡ್ತೀನಿ. ಲೈಟು, ಸ್ಟ್ಯಾಂಡು ಎಲ್ಲ ಯಾರ್ಗಾದ್ರೂ ಕೊಟ್ಬುಡೋದು" ಎಂದ. ಅವನ ಹಿಂದೆ ನಿಂತಿದ್ದ ಸರೋಜ ನನ್ನ ಮುಖವನ್ನೇ ನೋಡುತ್ತಿದ್ದಳು. ಚೆನ್ನಾಗಿದೆ ಎಂದರೆ ಅವಳ ತಮ್ಮನ ಅನ್ನ ಹೋಗುತ್ತದೆ, ಚೆನ್ನಾಗಿಲ್ಲ ಎಂದರೆ ಅವಳ ತಮ್ಮನ ಮನಸ್ಸು ಮುರಿಯುತ್ತದೆ. ನೋಡಿ ಚೀಟಿ ಕಳಿಸುತ್ತೇನೆ ಎಂದು ನಾನು ಜಾರಿಕೊಂಡೆ.

ಎರಡನೆಯದನ್ನು ತಂದವನು ಪುಟ್ಟಸ್ವಾಮಿ. ಪಾಂಡವಪುರದಲ್ಲಿ ಟೀವಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಟೀವಿಗೆ ಜೋಡಿಸಿ ಆಡುವ ವಿಡಿಯೋ ಗೇಮೊಂದನ್ನು, ಅದರ ಕ್ಯಾಸೆಟ್ಟಿನ ಸಮೇತ, ಬೆಂಗಳೂರಿನಿಂದ ತಂದಿದ್ದ. ಅಂಥವನ್ನು ಇನ್ನೂ ನಾಲ್ಕು ತರಿಸಿ ಊರವರಿಗೆ ಆಡಲು ಇಡಬಹುದೇ ಎಂಬುದು ಅವನ ಪ್ರಶ್ನೆ. "ನಿಮ್ ಕೈ ಅಲ್ಲಾಡಕ್ಕಿಲ್ಲ ಆಚಾರ್ರೇ, ನೀವೇ ಆಡಿ ಏಳ್ಬೇಕು" ಎಂದ. ಕೈಯನ್ನು ಹೊಗಳಿದರೆ ಅಕ್ಕಸಾಲಿಗ ಕರಗುತ್ತಾನೆ. ಒಪ್ಪಿಕೊಂಡೆ.

ಮಧ್ಯಾಹ್ನ ಊಟಕ್ಕೆ ಬಂದಾಗ ಅರ್ಧ ಗಂಟೆ ಚಿತ್ರ, ಅರ್ಧ ಗಂಟೆ ಗೇಮು ಎಂದು ಹಂಚಿಕೊಂಡೆ. ಚಿತ್ರದಲ್ಲಿ ಒಬ್ಬ ಮನುಷ್ಯ ಕಾವೇರಿಗೆ ಬಂದು ಪಂಚೆ ಒಗೆಯುತ್ತಾನೆ. ಮೆಟ್ಟಿಲ ಮೇಲೆ ಹರಡುತ್ತಾನೆ. ಒಣಗುವವರೆಗೂ ಜೀವನದ ಬಗ್ಗೆ ಯೋಚಿಸುತ್ತಾನೆ. ಒಣಗಿದ ಮೇಲೆ ಹೋಗುತ್ತಾನೆ. ಇನ್ನೇನು ಕತೆ ಶುರುವಾಗುತ್ತದೆ ಎಂದು ನಾನು ಕಾದು ಕೂತಿದ್ದಾಗಲೇ ಅದು ಮುಗಿದುಹೋಯಿತು. ಕೆಂಪು ಅಂಚಿನ ಪಂಚೆ ಒಣಗುತ್ತ ಒಣಗುತ್ತ ಹಸಿರು ಅಂಚಿನದ್ದಾಗಿತ್ತು. ಇದಕ್ಕೇನಾದರೂ ಒಳ ಅರ್ಥವಿದೆಯೇ ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ಮಂಜನಿಗೆ ಮದುವೆಯ ಅಭ್ಯಾಸ ಬೇರೆ. ಮದುವೆ ವಿಡಿಯೋದಲ್ಲಿ ಬಂದವರೊಬ್ಬರ ಮುಖ ತಪ್ಪಿದರೂ ವರ್ಷಗಟ್ಟಲೆ ಮಾತು ಬಿಡುತ್ತಾರೆ. ಆ ಭಯ ಅವನ ಕೈಗೆ ಅಂಟಿಬಿಟ್ಟಿದೆ. ನಾಯಕ ದುಃಖದಿಂದ ಕಣ್ಣು ಮುಚ್ಚಿದ ಕೂಡಲೇ ಕ್ಯಾಮೆರಾ ಅವನನ್ನು ಬಿಟ್ಟು, ಚಿತ್ರೀಕರಣ ನೋಡಲು ಬಂದು ಮೆಟ್ಟಿಲ ಮೇಲೆ ನಿಂತಿದ್ದ ನೆಂಟರನ್ನು ಒಬ್ಬೊಬ್ಬರನ್ನಾಗಿ ತೋರಿಸುತ್ತದೆ. ಎಲ್ಲರೂ ನಗುತ್ತಾರೆ. ನಮ್ಮತ್ತೆ ಸೆರಗು ಸರಿಮಾಡಿಕೊಂಡು, ನೇರವಾಗಿ ನನ್ನನ್ನೇ ನೋಡಿ, ಊಟ ಆಯಿತಾ ಎಂದು ಕೇಳುತ್ತಾರೆ. ಮೊದಲ ಸಲ ನಾನು ಆಯಿತು ಎಂದು ಉತ್ತರ ಕೊಟ್ಟೆ. ಆಮೇಲೆ ಹೃದಯದ ಆಕಾರವೊಂದು ತೆರೆದುಕೊಂಡು ಅದರೊಳಗೆ ಪಂಚೆ ಕಾಣುತ್ತದೆ.

ಗೇಮಿನಲ್ಲೂ ಒಬ್ಬ ಮನುಷ್ಯ. ಕುಳ್ಳ, ನೀಲಿ ಅಂಗಿ, ಬೆನ್ನ ಮೇಲೊಂದು ಗಂಟು. ಯಾವುದಕ್ಕೆ ಹೊರಟಿದ್ದಾನೋ ತಿಳಿಯದು, ಪರದೆಯ ಮೇಲಿನ ಅಕ್ಷರ ಯಾವ ದೇಶದ್ದೋ. ಓಡುತ್ತಾನೆ, ಹಳ್ಳ ಬಂದರೆ ನಾವು ಬಟನ್ನು ಒತ್ತಿ ಹಾರಿಸಬೇಕು. ಐದನೆಯ ಹಂತದಲ್ಲಿ ಅಲುಗಾಡುವ ಹಲಗೆಗಳ ಒಂದು ಸೇತುವೆ. ಅಲ್ಲಿಗೆ ಹೋಗಿ ಬೀಳುತ್ತಾನೆ. ಮೂರು ಸಲ ಬಿದ್ದರೆ ಮತ್ತೆ ಮೊದಲಿನಿಂದ. ಬೀಳದೆ ಹುಷಾರಾಗಿ ಹೋಗುತ್ತಿದ್ದರೆ ಕರೆಂಟು ಹೋಗುತ್ತದೆ, ಆಗಲೂ ಮೊದಲಿನಿಂದ. ಮೂಗುತಿಗೆ ಸಾಸಿವೆಯಷ್ಟು ಹರಳು ಕೂರಿಸುವ ನನ್ನ ಕೈ ಆ ಸೇತುವೆಯ ಮುಂದೆ ನಡುಗುತ್ತಿತ್ತು. ತಟ್ಟೆ ಎತ್ತಲು ಬಂದ ಸರೋಜ, "ಯಾಕಂಗೆ ಓಡುಸ್ತೀರಿ, ಒಸಿ ನಿಲ್ಸಿ ನೋಡ್ಬಾರ್ದಾ" ಎಂದಳು. ನಿನಗೇನು ತಿಳಿಯುತ್ತೆ ಸುಮ್ಮನಿರು ಎಂದೆ. ಬಿದ್ದ.

ನಾಲ್ಕನೆಯ ದಿನದ ಹೊತ್ತಿಗೆ ನನಗೆ ಒಂದಕ್ಕೊಂದು ಕಲಸಿಹೋಯಿತು. ಪಂಚೆಯ ನಾಯಕ ಮೆಟ್ಟಿಲಿಳಿಯುವಾಗ ನನ್ನ ಹೆಬ್ಬೆರಳು ತಾನೇ ತಾನಾಗಿ ಅವನನ್ನು ಹಾರಿಸಲು ನೋಡುತ್ತಿತ್ತು. ಗೇಮಿನ ಕುಳ್ಳ ಹಳ್ಳಕ್ಕೆ ಬಿದ್ದಾಗ ನಮ್ಮತ್ತೆ ಬಂದು ಊಟ ಆಯಿತಾ ಎನ್ನುತ್ತಾರೇನೋ ಎಂದು ಕಾಯುತ್ತಿದ್ದೆ. ಎರಡರಲ್ಲೂ ಒಬ್ಬ ಮನುಷ್ಯ ಯಾಕೆ ಅಲ್ಲಿದ್ದಾನೆಂದು ನನಗೆ ಗೊತ್ತಿರಲಿಲ್ಲ. ಎರಡನ್ನೂ ನೋಡುತ್ತಿದ್ದ ನಾನು ಯಾಕೆ ಅಲ್ಲಿದ್ದೇನೆ ಎಂಬುದೂ ಗೊತ್ತಿರಲಿಲ್ಲ.

ಅದೇ ಸ್ಥಿತಿಯಲ್ಲಿ ಕೂತು ಎರಡು ಗುಲಾಬಿ ಚೀಟಿ ಬರೆದೆ. ಗೇಮಿಗೆ ಹೀಗೆ ಬರೆದೆ: "ಮನುಷ್ಯರ ಮೇಲೆ ಕಿಂಚಿತ್ತೂ ಕರುಣೆ ಇಲ್ಲ. ಎಷ್ಟು ದೂರ ಹೋದರೂ ಮೊದಲಿನ ಜಾಗಕ್ಕೇ ತಂದು ಬಿಡುತ್ತದೆ. ಯಾಕೆಂದು ಹೇಳುವುದಿಲ್ಲ. ದಾರಿಯುದ್ದಕ್ಕೂ ಹಳ್ಳಗಳು. ಸಿಟ್ಟು ಬರುತ್ತದೆ. ಆದರೂ ಎದ್ದು ಹೋಗಲು ಆಗುವುದಿಲ್ಲ, ಇನ್ನೊಂದು ಸಲ ನೋಡೋಣ ಎನಿಸುತ್ತದೆ." ಚಿತ್ರಕ್ಕೆ ಹೀಗೆ: "ಉದ್ದೇಶ ಒಳ್ಳೆಯದು. ಏನೂ ಆಗುವುದಿಲ್ಲ. ಬಟ್ಟೆಯ ಬಣ್ಣ ನಡುವೆ ಬದಲಾಗುತ್ತದೆ. ನೆಂಟರು ವಿಪರೀತ, ಅವರನ್ನು ಕಡಿಮೆ ಮಾಡಿದರೆ ಸಹಿಸಬಹುದು. ಸದ್ಯಕ್ಕೆ ಮನೆಯಲ್ಲಿ ಇಟ್ಟುಕೊಳ್ಳುವುದು." ಪದ್ಧತಿಯಂತೆ ಯಾವುದು ಯಾರದು ಎಂದು ಬರೆಯಲಿಲ್ಲ. ಮಡಿಸಿ ಕ್ಯಾಸೆಟ್ಟಿನ ಡಬ್ಬಿಗಳೊಳಗೆ ಇಟ್ಟೆ. ಮರುದಿನ ಸರೋಜ ನಿಮಿಷಾಂಬ ದೇವಸ್ಥಾನಕ್ಕೆಂದು ತವರಿಗೆ ಹೊರಟಿದ್ದಳು. ದಾರಿಯಲ್ಲಿ ಪಾಂಡವಪುರದಲ್ಲಿ ಇಳಿದು ಗೇಮನ್ನು ಪುಟ್ಟಸ್ವಾಮಿಗೆ ಕೊಟ್ಟು, ಚಿತ್ರವನ್ನು ಮಂಜನಿಗೆ ಮುಟ್ಟಿಸಿದಳು. ದೊಡ್ಡ ಜಾಣ ಕೆಲಸ ಮುಗಿಸಿದ ನೆಮ್ಮದಿಯಲ್ಲಿ ನಾನಿದ್ದೆ.

ಸೋಮವಾರ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಪುಟ್ಟಸ್ವಾಮಿ ಬಂದು ಕಟ್ಟೆಯ ಮೇಲೆ ಕೂತಿದ್ದ. ಕೈಯಲ್ಲಿ ಚೀಟಿ. "ಆಚಾರ್ರೇ, ನಂಗೆ ಓದೋದು ಕಮ್ಮಿ, ಒಸಿ ಬುಡಿಸಿ ಏಳಿ. ಏನೂ ಆಗಕ್ಕಿಲ್ಲ ಅಂತ ಬರ್ದಿದ್ದೀರಿ. ನಾನು ನೆನ್ನೆ ಒಂದಿನಕ್ಕೇ ನಲವತ್ತು ಸಲ ಸತ್ತಿವ್ನಿ. ನೆಂಟ್ರು ಜಾಸ್ತಿ ಅಂದಿದ್ದೀರಿ. ಅಲ್ಲಿ ಅಡ್ಡ ಬಂದು ಬಂದು ಕೆಡವ್ತವಲ್ಲ, ಅವು ಅವನ ನೆಂಟ್ರಾ?" ಎಂದ.

ಅದು ನಾನು ಚಿತ್ರಕ್ಕೆ ಬರೆದ ಚೀಟಿ. ಅವನ ಚೀಟಿ ಮಂಜನ ಹತ್ತಿರ ಹೋಗಿದೆ. ಹೌದು, ಬಹಳ ಹತ್ತಿರದ ನೆಂಟರು ಎಂದುಬಿಟ್ಟೆ. ಪುಟ್ಟಸ್ವಾಮಿ ಚೀಟಿಯನ್ನು ಮಡಿಸಿ ಜೇಬಿಗಿಟ್ಟು, "ಅದಕ್ಕೇ ಅಂಗ್ ಬೀಳ್ತವೆ ಮೇಲ್ಮೇಲೆ" ಎಂದು ತಲೆದೂಗಿ, ಗೇಮು ತರಿಸುವ ಯೋಚನೆಯನ್ನು ಕೈಬಿಟ್ಟು ಎದ್ದುಹೋದ.

ಒಂದು ಗಂಟೆಯೂ ಆಗಿರಲಿಲ್ಲ, ಮಂಜ ಬಂದ. ಬಾಳೆಹಣ್ಣಿನ ಚಿಪ್ಪನ್ನು ಮುಂದಿಟ್ಟು ನನ್ನ ಕಾಲು ಮುಟ್ಟಿದ. ಕಣ್ಣಲ್ಲಿ ನೀರಿತ್ತು. "ಭಾವ, ಇಂಗೆ ಯಾರೂ ಬರ್ದಿರ್ಲಿಲ್ಲ. ಕರುಣೆ ಇಲ್ಲ, ಮೊದಲಿನ ಜಾಗಕ್ಕೇ ತಂದು ಬುಡ್ತದೆ ಅಂದ್ರಲ್ಲ, ನಾನು ಏಳ್ಬೇಕಂತಿದ್ದುದ್ದೇ ಅದು. ನಂಗೆ ಗೊತ್ತಿರ್ಲಿಲ್ಲ, ಅಷ್ಟೆ. ಹಳ್ಳಗಳು ಅಂದಿದ್ದೀರಲ್ಲ, ಅದು ಮನಸ್ಸಿನ ಹಳ್ಳ ತಾನೆ?" ಎಂದ. ನಾನು ಬಾಳೆಹಣ್ಣನ್ನು ಎತ್ತಿ ಒಳಗಿಟ್ಟೆ. "ನಾಗಮಂಗಲದ ಗೌಡ್ರಿಗೆ ಮದುವೆಗೆ ಬರಕ್ಕಿಲ್ಲ ಅಂತ ಏಳ್ಬುಟ್ಟು ಬರಾನ ಅಂತ ಒಂಟಿವ್ನಿ. ಆಮೇಲೆ ಲೈಟೆಲ್ಲ ಕೊಟ್ಬುಡ್ತೀನಿ" ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಆಗಲೇ ಹೇಳಬೇಕಿತ್ತು. ಹೇಳುತ್ತೇನೆಂದು ಅವನ ಹಿಂದೆ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಹೇಳುತ್ತೇನೆ ಅಂದುಕೊಂಡೆ, ಅಷ್ಟರಲ್ಲಿ ಬಸ್ಸು ಬಂತು. ಬಸ್ಸು ಹತ್ತಿ ಹೇಳುತ್ತೇನೆ ಅಂದುಕೊಂಡೆ, ಅಷ್ಟರಲ್ಲಿ ಬಸ್ಸು ಹೊರಟಿತು. ಅಂಗಡಿಯ ಬಾಗಿಲು ಅರ್ಧ ತೆಗೆದೇ ಇತ್ತು. ಮಂಜ ಕಿಟಕಿಯ ಪಕ್ಕ ಕೂತು ಮುಂದಿನ ಚಿತ್ರದ ಕತೆ ಹೇಳತೊಡಗಿದ. ಅದರಲ್ಲಿ ಒಬ್ಬಾಕೆ ಮುದ್ದೆಗೆ ನೀರಿಟ್ಟು ಅದು ಕುದಿಯುವುದನ್ನು ಕಾಯುತ್ತಾಳಂತೆ. ಹೊರಗೆ ಗದ್ದೆಗಳು ಮುಗಿದು ರಾಗಿ ಹೊಲ, ತೆಂಗಿನ ತೋಟಗಳು ಶುರುವಾದವು. ನಾಗಮಂಗಲ ಬರಲು ಕಾಲು ಗಂಟೆಯಿತ್ತು. ಆ ಹುಡುಗನ ಸಂತೋಷದ ಮುಖ ನೋಡಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ನಾನು ಕಿಟಕಿಯ ಸರಳು ನೋಡುತ್ತ, "ಲೇ ಮಂಜ, ಆ ಚೀಟಿ ನಿಂದಲ್ಲ ಕಣ್ಲಾ. ಪುಟ್ಟಸ್ವಾಮಿ ಗೇಮಿಂದು. ಡಬ್ಬೀಲಿ ಮಡಗುವಾಗ ಅದಲು ಬದಲಾಗ್ಬುಡ್ತು" ಎಂದೆ.

ಮಂಜ ಜೇಬಿನಿಂದ ಚೀಟಿ ತೆಗೆದು ಇನ್ನೊಂದು ಸಲ ಓದಿದ. "ಅಂಗಾರೆ ನಂದ್ರಲ್ಲಿ ಏನ್ ಬರ್ದಿದ್ರಿ?" ಎಂದು ಕೇಳಿದ. ಬಾಯಿಪಾಠ ಒಪ್ಪಿಸಿದೆ. ಬಟ್ಟೆಯ ಬಣ್ಣದ ಮಾತಿಗೆ ಅವನು ತುಟಿ ಕಚ್ಚಿಕೊಂಡ. "ಕೆಂಪಂಚಿನ ಪಂಚೆ ಒಳೇಲಿ ತೇಲ್ಕೊಂಡು ಒಂಟೋಯ್ತು ಭಾವ, ಇನ್ನೇನ್ ಮಾಡ್ಲಿ" ಎಂದ. ನೆಂಟರ ಮಾತಿಗೆ, "ಅದು ನಿಜ. ಆದ್ರೆ ಅವರನ್ನ ಕತ್ರಿಸ್ಬುಟ್ರೆ ಅವ್ವ ನಂಗೆ ಹಿಟ್ಟಿಕ್ಕಕ್ಕಿಲ್ಲ" ಎಂದು ನಕ್ಕ. ಕೊನೆಯ ಸಾಲಿಗೆ ಮಾತ್ರ ನಗಲಿಲ್ಲ. ಅಕ್ಕಸಾಲಿಗರ ಮನೆಯಲ್ಲಿ ಹುಟ್ಟಿದವನು, ಇಟ್ಟುಕೊಳ್ಳುವುದು ಎಂದರೇನೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಸ್ಸು ನಿಂತಾಗ ಎದ್ದು, "ಇಷ್ಟನ್ನ ಅವತ್ತೇ ಎದುರುಗಡೆ ಕೂರುಸ್ಕಂಡು ಏಳಿದ್ರೆ ಆಯ್ತಿರ್ಲಿಲ್ವಾ ಭಾವ" ಎಂದ. ಸಿಟ್ಟಿನಲ್ಲಿ ಹೇಳಿದ್ದರೆ ಚೆನ್ನಾಗಿತ್ತು, ಮೆತ್ತಗೆ ಹೇಳಿದ.

ಗೌಡರ ಮನೆಗೆ ನಾನೂ ಅವನ ಹಿಂದೆಯೇ ಹೋದೆ. ಧಾರೆ ಮುಹೂರ್ತ ಎಷ್ಟು ಹೊತ್ತಿಗೆಂದು ಕೇಳಿಕೊಂಡು ಹೋಗಲು ಬಂದೆ ಎಂದು ಮಂಜ ಅವರಿಗೆ ಹೇಳಿದ. ಕ್ಯಾಸೆಟ್ಟನ್ನು ಯಾರ ಕೈಯಲ್ಲಾದರೂ ಮೈಸೂರಿನ ಸ್ಪರ್ಧೆಗೂ ಕಳಿಸುತ್ತಾನಂತೆ, ನೆಂಟರ ಸಮೇತ. ಗೌಡರು ಇಬ್ಬರಿಗೂ ಊಟ ಹಾಕಿಸಿದರು.

ನಾನು ಮನೆಗೆ ಬಂದಾಗ, ತವರಿನಿಂದ ಮರಳಿದ್ದ ಸರೋಜಳಿಗೆ ವಿಷಯ ಗೊತ್ತಾಗಿತ್ತು, ಹೇಗೆಂದು ನಾನು ಕೇಳಲಿಲ್ಲ. ಅವಳು ಬೈಯಲಿಲ್ಲ, ಅದೇ ನನಗೆ ಹೆದರಿಕೆ. ಮರುದಿನ, ಊಟಕ್ಕೆ ಮನೆಗೆ ಬರುವುದು ಬೇಡವೆಂದು ಅವಳೇ ಕಟ್ಟಿಕೊಟ್ಟ ಊಟದ ಕ್ಯಾರಿಯರನ್ನು ಅಂಗಡಿಯಲ್ಲಿ ಬಿಚ್ಚಿದರೆ ಮೇಲಿನ ಡಬ್ಬಿಯೊಳಗೆ ಒಂದು ಗುಲಾಬಿ ಚೀಟಿ ಇತ್ತು, ಅವಳ ಅಕ್ಷರ. "ಉದ್ದೇಶ ಒಳ್ಳೆಯದು. ಎದುರಿಗೆ ಹೇಳಬೇಕಾದ್ದನ್ನು ಹೇಳುವುದಿಲ್ಲ. ನಿಲ್ಲು ಎಂದರೆ ನಿಲ್ಲುವುದಿಲ್ಲ, ಅದೇ ಹಳ್ಳಕ್ಕೆ ಮತ್ತೆ ಮತ್ತೆ ಬೀಳುತ್ತದೆ. ಹದಿನೆಂಟು ವರ್ಷದಿಂದ ನೋಡಿದ್ದಾಗಿದೆ, ತಿದ್ದಲು ಬರುವುದಿಲ್ಲ. ಮನೆಯಲ್ಲಿ ಇಟ್ಟುಕೊಳ್ಳುವುದು."

ಮನೆಗೆ ಹೋಗಿ, ಇದು ಗೇಮಿನದ್ದೋ ಚಿತ್ರದ್ದೋ ಎಂದು ಕೇಳಿದೆ. ಸರೋಜ ಸಾರಿಗೆ ಒಗ್ಗರಣೆ ಹಾಕುತ್ತ, "ನಿಮ್ಮನೇಲಿ ಎಸರು ಬರೆಯೋ ಪದ್ಧತಿ ಇಲ್ವಲ್ಲ" ಎಂದಳು. ಗೇಮಿನದ್ದೇ ಇರಬೇಕು ಎಂದು ನಾನು ತಿಳಿದುಕೊಂಡಿದ್ದೇನೆ. ಆದರೆ ಆ ಗೇಮು ನಮ್ಮ ಮನೆಗೆ ಬಂದು ಹದಿನೆಂಟು ದಿನವೂ ಆಗಿರಲಿಲ್ಲ.