ಡಾಕ್ಟರ ಗಂಗಾಧರನನ್ನು ಬಿಡಿಸಿದ ನನ್ನ ಅಕ್ಕನ ವಿಷಯವಾಗಿ, ಟೆಲಿವಿಷನ್ ಪೆಟ್ಟಿಗೆಯವರಿಗೆ

ಅಕ್ಕಲಕೋಟೆ, 1976

ಪುಣೆಯಲ್ಲಿ ನನ್ನ ಅಕ್ಕನ ಮಗಳು ಶಾರದೆಯ ಪಡಸಾಲೆಯಲ್ಲಿ, ಕಸೂತಿ ಹೊದಿಕೆ ಹೊದ್ದು ನಾಲ್ಕು ಕಾಲಿನ ಮೇಲೆ ವಿರಾಜಮಾನರಾಗಿರುವ ತಮಗೆ ಸವಿನಯ ವಂದನೆಗಳು.

ಮಾನ್ಯರೇ,

ತಮ್ಮ ದರ್ಶನಭಾಗ್ಯ ನಮ್ಮೂರಿಗೆ ಇನ್ನೂ ಒದಗಿಲ್ಲವಾದರೂ, ತಾವು ವಾರಕ್ಕೊಮ್ಮೆ ತೋರಿಸಿದ ಕೊಲೆಯ ನಾಟಕವನ್ನು ನಾವು ಹದಿಮೂರು ವಾರ ತಪ್ಪದೆ ಅನುಭವಿಸಿದ್ದೇವೆ. ಮಗಳ ಬಾಣಂತನಕ್ಕೆಂದು ಅಲ್ಲಿದ್ದ ನನ್ನ ಅಕ್ಕ ಕಸ್ತೂರಬಾಯಿ ನೋಡಿದ್ದನ್ನೆಲ್ಲ ಕಾರ್ಡಿನಲ್ಲಿ ಬರೆದು ಕಳಿಸುತ್ತಿದ್ದಳು. ನಾನು ಅದನ್ನು ಇಲ್ಲಿಯ ವಾಚನಾಲಯದಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ವಾಚನಾಲಯದ ಕಾರ್ಯದರ್ಶಿ ಗಂಗಾಧರಪ್ಪನವರು ಅವಳ ಪತಿಯಾದ್ದರಿಂದ, ನಾಟಕದ ಡಾಕ್ಟರ ಗಂಗಾಧರನನ್ನು ಅವಳು ಎಲ್ಲ ಕಾರ್ಡುಗಳಲ್ಲೂ ‘ನಮ್ಮ ಮನಿಯವರ ಹೆಸರಿನ ಡಾಕ್ಟರ’ ಎಂದೇ ಬರೆದಳು.

ಗಿರಣಿ ಮಾಲೀಕನಿಗೆ ವಿಷ ಹಾಕಿದವನು ಆ ಡಾಕ್ಟರನೇ ಎಂದು ನಾನು ವಾದಿಸಿದೆ. ವಕೀಲನ ಹೆಂಡತಿ ಎಂದು ನೂಲಿನ ವ್ಯಾಪಾರಿ ಗೊಲ್ಲಾಳಪ್ಪನವರು. ಗೆದ್ದವರಿಗೆ ಒಂದು ವರ್ಷದ ಮಟ್ಟಿಗೆ ಅನುವಾದಿತ ಪತ್ತೇದಾರಿ ಕಾದಂಬರಿಗಳ ಮೊದಲ ಓದು ಎಂದು ಕಾರ್ಯದರ್ಶಿಗಳು ತೀರ್ಮಾನಿಸಿದರು. ಇದು ಸಣ್ಣ ಮಾತಲ್ಲ. ಪ್ರತಿ ಪುಸ್ತಕದ ಒಂದೇ ಪ್ರತಿ ಬರುತ್ತದೆ, ಮತ್ತು ಕೊಲೆಗಾರನ ಹೆಸರು ಮೊದಲು ಬರುವ ಪುಟದಲ್ಲೇ ಅದರಡಿ ಕೆಂಪು ಪೆನ್ಸಿಲ್ ಎಳೆದು ಮುಂದಿನ ಓದುಗರ ಶ್ರಮ ತಪ್ಪಿಸುವ ಪರೋಪಕಾರಬುದ್ಧಿ ಗೊಲ್ಲಾಳಪ್ಪನವರಿಗಿದೆ.

ಕಡೆಯ ಕಂತು ನೋಡಿದ ಮರುದಿನವೇ ಅಕ್ಕ ಹೊರಟು ಬಂದಳು. ನಾನೂ ಗೊಲ್ಲಾಳಪ್ಪನವರೂ ಸೊಲ್ಲಾಪುರ ಸ್ಟೇಷನ್ನಿಗೆ ಹೋಗಿ, ಟ್ರಂಕು ಇಳಿಸುವ ಮೊದಲೇ ಕೇಳಿದೆವು. ವಕೀಲನ ಹೆಂಡತಿ ಎಂದಳು. ಗೊಲ್ಲಾಳಪ್ಪನವರು ಅಲ್ಲೇ ಅವಳ ಕಾಲು ಮುಟ್ಟಿ ನಮಸ್ಕರಿಸಿ, “ಟ್ರಂಕ್ ನೀವs ಹೊರ್ರಿ ರಾಚಪ್ಪಾ, ಸೋತವರ ಕೈಯಾಗ ಏನರ ಇರಬೇಕು,” ಎಂದರು.

ಬಸ್ಸು ವಳಸಂಗ ದಾಟುವಾಗ, ಗೊಲ್ಲಾಳಪ್ಪನವರು ಗೆಲುವಿನ ನಿದ್ದೆಯಲ್ಲಿದ್ದರು. ಅಕ್ಕ ಬಂಧನದ ದೃಶ್ಯ ವರ್ಣಿಸಿದಳು. ಪೊಲೀಸರು ಬೇಡಿ ತೆಗೆದಾಗ ವಕೀಲನ ಹೆಂಡತಿ ಕೊರಳಿನ ಸ್ಟೆಥೊಸ್ಕೋಪು ತೆಗೆದು ಮೇಜಿನ ಮೇಲಿಟ್ಟಳಂತೆ. ಪತ್ತೇದಾರಿ ಕಾದಂಬರಿಯಲ್ಲಿ ಇಂಥ ಸಾಲು ಬಂದರೆ ತಡೆದು ಎರಡು ಸಲ ಓದುವುದು ನನ್ನ ರೂಢಿ. “ವಕೀಲನ ಹೇಣ್ತಿ ಕೊರಳಾಗ ಸ್ಟೆಥೊಸ್ಕೋಪು ಯಾಕಕ್ಕಾ?” ಎಂದೆ.

“ಆ ಹೆಸರಿನವರು ಕೊಲಿ ಮಾಡ್ಯಾರಂತ ನನ್ನ ಬಾಯಿಲೆ ಹೆಂಗ ಅನ್ನಲೋ ತಮ್ಮಾ?” ಎಂದು ಪಿಸುಗುಟ್ಟಿದಳು. “ವಕೀಲನ ಹೇಣ್ತಿಗೆ ನಾಟಕದಾಗ ಹೆಸರs ಇಟ್ಟಿರಲಿಲ್ಲ.”

ಹೆತ್ತ ತಾಯಿಯ ಹಾಗೆ ನನ್ನನ್ನು ಸಾಕಿದ ಅಕ್ಕನನ್ನು ನಾನು ಸುಳ್ಳುಗಾತಿ ಎನ್ನಲಾರೆ. ಕಾರ್ಯದರ್ಶಿಗಳಂತೂ ಕಣ್ಣಾರೆ ಕಂಡವರ ಮಾತೇ ಅಂತಿಮವೆಂದು, ಹೆಂಡತಿಯ ಸತ್ಯಸಂಧತೆಯನ್ನು ಹೊಗಳಿ ತೀರ್ಪು ಕೊಟ್ಟಿದ್ದಾರೆ. ಕಡೆಯ ಕಂತಿನ ಸಂಜೆ ಅಳಿಯ ಪಾಳಿಗೆ ಹೋಗಿದ್ದ, ಶಾರದೆ ಕೂಸನ್ನು ಮಲಗಿಸುತ್ತಿದ್ದಳು. ಆದ್ದರಿಂದ ಉಳಿದ ಸಾಕ್ಷಿ ತಾವೊಬ್ಬರೇ. ಯಾರ ಗಂಡನ ಹೆಸರನ್ನೂ ಅಂಜದೆ ಉಚ್ಚರಿಸುವ ತಮ್ಮ ಧೈರ್ಯವನ್ನು ಎಷ್ಟು ಕೊಂಡಾಡಿದರೂ ಸಾಲದು. ತಾವು ದಯವಿಟ್ಟು ರೈಲಿನಲ್ಲಿ ಸೊಲ್ಲಾಪುರಕ್ಕೂ ಅಲ್ಲಿಂದ ಎಸ್.ಟಿ. ಬಸ್ಸಿನಲ್ಲಿ ಅಕ್ಕಲಕೋಟೆಗೂ ಬಿಜಯಮಾಡಿ, ಆ ಕಂತನ್ನು ವಾಚನಾಲಯದಲ್ಲಿ ಇನ್ನೊಮ್ಮೆ ತೋರಿಸಬೇಕು. ಕಿಟಕಿಯ ಸೀಟಿಗೆ ಟವೆಲ್ ಹಾಸಿಡುತ್ತೇನೆ. ಅದು ಸಾಧ್ಯವಾಗದಿದ್ದರೆ, ಇನ್ನು ಮುಂದೆ ಕೊಲೆಗಾರರಿಗೆ ಈ ತಾಲೂಕಿನ ಯಾವ ಗಂಡಸಿಗೂ ಇರದ ಹೆಸರನ್ನೇ ಇಡಬೇಕು.

ತಮ್ಮನ್ನು ಇನ್ನೂ ಕಾಣದ, ಆದರೂ ತಮ್ಮನ್ನೇ ನಂಬಿದ ವಿಶ್ವಾಸಿ,
ರಾಚಪ್ಪ

ತಾ.ಕ.: ಮುಂದಿನ ನಾಟಕದ ಮೊದಲ ಕಂತಿನಲ್ಲೇ ಸಾಯುವವನಿಗೆ ಗೊಲ್ಲಾಳಪ್ಪ ಎಂದು ಹೆಸರಿಟ್ಟರೆ ನನ್ನ ಆಕ್ಷೇಪಣೆ ಇಲ್ಲ. ಸಾಕ್ಷಿಯ ತೊಂದರೆಯೂ ಆಗದು. ಅವರ ಹೆಂಡತಿ ಸಕ್ಕುಬಾಯಿಯವರು ಆ ಹೆಸರನ್ನು ದಿನಕ್ಕೆ ಹತ್ತು ಸಲ, ಇಡೀ ಓಣಿಗೆ ಕೇಳುವಂತೆ, ವಿಶೇಷಣಗಳ ಸಹಿತ ಕೂಗುತ್ತಾರೆ.