ಅಡುಗೆಮನೆ ಗೋಡೆಯ ಗುಳಿ

ಬಹಳ ವರ್ಷ ವರದಿಗಾರನಾಗಿದ್ದವನಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಊರಿನವರಿಗೆಲ್ಲ ಪ್ರಶ್ನೆ ಕೇಳಿ ಕೇಳಿ, ಮನೆಗೆ ಬರುವ ಹೊತ್ತಿಗೆ ಪ್ರಶ್ನೆಗಳೇ ಮುಗಿದಿರುತ್ತವೆ. ದೇವಲಾಪುರದ ನಮ್ಮ ಮಣ್ಣುಗೋಡೆ ಮನೆಯಲ್ಲಿ, ರಾಗಿ ಡ್ರಮ್ಮಿನ ಹಿಂದೆ ಒಂದು ಗುಳಿ ಕಾಣಿಸಿತು. ಮೊದಲು ಹೆಬ್ಬೆರಳಿನಷ್ಟು, ಆಮೇಲೆ ನಿಂಬೆಹಣ್ಣು ಕೂರುವಷ್ಟು. ಇಲಿಯೆಂದು ಬೋನಿಟ್ಟೆ. ಬೋನಿನ ಕೊಬ್ಬರಿ ಚೂರು ಹಾಗೇ ಒಣಗಿತು, ಗುಳಿ ಮಾತ್ರ ಬೆಳೆಯಿತು. ಕೆಳಗೆ ಚಿಟಿಕೆ ಮಣ್ಣೂ ಉದುರಿರಲಿಲ್ಲ. ಬೆರಳಿಟ್ಟೆ. ಒಳಗೆ ನುಣುಪು, ತೇವ. ಯಾರೋ ನೆಕ್ಕಿದ ಹಾಗಿತ್ತು. ಬೆರಳನ್ನು ಎರಡು ಸಲ ಸೋಪು ಹಾಕಿ ತೊಳೆದೆ.

ಸಿಮೆಂಟು ಮೆತ್ತುತ್ತೇನೆಂದೆ. ನನ್ನ ಹೆಂಡತಿ ಸವಿತಾ ಬಿಂದಿಗೆ ಇಳಿಸಿ, ಏದುಸಿರು ಬಿಡುತ್ತಾ ಹೊಸ್ತಿಲ ಮೇಲೆ ಕೂತಿದ್ದಳು. "ಸಿಮೆಂಟ್ ಬ್ಯಾಡ," ಎಂದಳು. ದನಿ ಅವಳದಾಗಿರಲಿಲ್ಲ. ಮುಖ ಸುಣ್ಣದಂತಿತ್ತು.

ಒಂದು ಮಧ್ಯಾಹ್ನ ಸಭೆಯೊಂದು ರದ್ದಾಗಿ ಬೇಗ ಬಂದೆ. ಡ್ರಮ್ಮಿನ ಹಿಂದೆ ಕರಕರ ಸದ್ದು. ಇಲಿಯನ್ನು ಹಿಡಿದೇ ತೀರುವುದೆಂದು ಪೊರಕೆ ಎತ್ತಿ ಬಗ್ಗಿದೆ. ಸವಿತಾ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಒದ್ದೆ ಬೆರಳಲ್ಲಿ ಗೋಡೆ ಕೆರೆದು ತಿನ್ನುತ್ತಿದ್ದಳು. ನಾನು ನಿಂತದ್ದು ಅವಳಿಗೆ ತಿಳಿಯಲಿಲ್ಲ. ಮೂರನೇ ಸಲ ಕರೆದಾಗ ತಿರುಗಿದಳು. ತುಟಿಯೆಲ್ಲ ಮಣ್ಣು.

"ಬುಡ್ಬೇಕು ಅಂತೀನಿ ಕಣ್ರೀ. ಬಾಯಿ ಬುಡಾಕಿಲ್ಲ ಅಂತದೆ."

ನಮ್ಮವ್ವನಿಗೆ ಹೇಳಿದರೆ ಅವಳು ಹಿಗ್ಗಿಬಿಟ್ಟಳು. "ಬಸ್ರಿ ಬಯಕೆ ಕಣ್ಲಾ!"

"ಅವಳಿಗೆ ನಲವತ್ತಾರು, ಅವ್ವ."

"ಪೇಪರ್‌ನೋನಿಗೆ ಇದೆಲ್ಲ ಏನ್ ಗೊತ್ತಾದದು? ಸುಮ್ಕಿರು." ಸಂಜೆಯೊಳಗೆ ಸೊಸೆಗೆಂದು ಮಡಿಲ ತುಂಬ ನುಣ್ಣನೆಯ ಕೆರೆಮಣ್ಣು ತಂದಿಟ್ಟಳು.

ಮರುದಿನ ನಾಗಮಂಗಲದ ಡಾಕ್ಟರಮ್ಮ ಸವಿತಾಳ ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಪರೀಕ್ಷೆ ಮಾಡಿಸಿದರು. "ಬಸುರೂ ಇಲ್ಲ, ಬಯಕೆಯೂ ಇಲ್ಲ. ರಕ್ತ ತೀರಾ ಕಡಿಮೆ. ಅದಕ್ಕೇ ಮಣ್ಣಿನಾಸೆ. ತಿಂದಷ್ಟೂ ರಕ್ತ ಇನ್ನೂ ಇಳಿಯುತ್ತೆ, ಹೊಟ್ಟೆಯಲ್ಲಿ ಹುಳ ಬೇರೆ. ಹೀಗೇ ಬಿಟ್ಟಿದ್ದರೆ ಹೃದಯಕ್ಕೇ ಕಷ್ಟವಾಗ್ತಿತ್ತು. ಏದುಸಿರು ಎಷ್ಟು ದಿನದಿಂದ?" ಎಂದು ನನ್ನನ್ನು ಕೇಳಿದರು.

ಗುಳಿ ಯಾವ ವಾರ ಎಷ್ಟು ಆಳವಿತ್ತೆಂದು ಹೇಳಬಲ್ಲವನಾಗಿದ್ದೆ. ಸವಿತಾಳ ಕಡೆ ತಿರುಗಿದೆ.

"ಅವ್ರನ್ನ ಕೇಳ್ಬ್ಯಾಡಿ ಮೇಡಮ್ಮು," ಎಂದಳು ಸವಿತಾ. "ಅವ್ರು ಇಲಿ ಕಾಯ್ತಿದ್ರು."

ಕಬ್ಬಿಣಾಂಶದ ಮಾತ್ರೆ ಶುರುವಾಗಿ ಎರಡು ತಿಂಗಳಾಯಿತು. ಅವಳ ಮುಖಕ್ಕೆ ಬಣ್ಣ ಬಂದಿದೆ, ಗುಳಿ ಬೆಳೆಯುವುದು ನಿಂತಿದೆ. ಮೊನ್ನೆ ಅದನ್ನು ಮುಚ್ಚಲು ಕೂತು, ಸಿಮೆಂಟು ಹಿಡಿಯಲೆಂದು ನೀರು ಚಿಮುಕಿಸಿದೆ. ಮೊದಲ ಮಳೆಗೆ ನೆನೆದ ನೆಲದಂಥ ವಾಸನೆ ಎದ್ದಿತು. ಕರಣೆ ಹಿಡಿದ ಕೈ ನಿಂತಿತು. ಏನಿದೆ ಇದರಲ್ಲಿ ಎಂದು ಖಚಿತಪಡಿಸಿಕೊಳ್ಳಲು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಎರಡನೆಯ ಚಿಟಿಕೆಗೆ ಕಾರಣ ನನಗೆ ತಿಳಿಯದು. ಮೂರನೆಯದಕ್ಕೆ ಕೈ ಹಾಕಿದಾಗ, ಬೆನ್ನ ಹಿಂದೆ ಸವಿತಾ ಮಾತ್ರೆ ಡಬ್ಬಿ ಹಿಡಿದು ನಿಂತಿದ್ದಳು.